ಹೆಚ್ಚಿಗೆ ಸೇರಿಸಿದ ಒಂದು ಗಂಟೆ

ಸ್ಕೆಲ್‌ವಿಕ್ ಊರಿನವರು ದ್ವೀಪಕ್ಕೆ ಹೋಗುವ ಮುಂಚೆ ಆಕಾಶ ನೋಡುವುದಿಲ್ಲ, ಸಮುದ್ರವನ್ನೂ ನೋಡುವುದಿಲ್ಲ. ಎನಿಡ್ ಹಾರ್ಟ್ಲಿ ಬರೆದ ಹಲಗೆ ನೋಡುತ್ತಾರೆ. ಕೊನೆಯ ಮನೆ ದಾಟಿ ಟಾರು ರಸ್ತೆ ಮರಳಿಗೆ ಇಳಿಯುವ ಜಾಗದಲ್ಲಿ ಎರಡು ಗೂಟಕ್ಕೆ ಬಡಿದ ಕರಿಹಲಗೆ ಅದು. ದಿನಕ್ಕೆರಡು ಸಲ ಸಮುದ್ರ ಹಿಂದೆ ಸರಿದು ದ್ವೀಪಕ್ಕೆ ದಾರಿ ಬಿಡುತ್ತದೆ, ಎರಡು ಸಲ ಬಂದು ಆ ದಾರಿಯನ್ನು ನುಂಗುತ್ತದೆ. ಯಾವಾಗ ಬಿಡುತ್ತದೆ, ಯಾವಾಗ ನುಂಗುತ್ತದೆ ಎಂಬುದನ್ನು ಎನಿಡ್ ದಿನಾ ಬೆಳಿಗ್ಗೆ ಏಳಕ್ಕೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಮೂವತ್ತು ವರ್ಷ ಊರಿನ ಅಂಚೆ ಕಚೇರಿ ನಡೆಸಿದವಳ ಅಕ್ಷರ, ಮುತ್ತು ಪೋಣಿಸಿದ ಹಾಗೆ ಇರುತ್ತದೆ. ಅದು ಅವಳಿಗೂ ಗೊತ್ತು, ಅದೇ ತೊಂದರೆ.

ಹಲಗೆ ಮೊದಲು ಅವಳ ಗಂಡ ವಾಲ್ಟರ್ ಕೈಯಲ್ಲಿತ್ತು. ಅವನು ತೀರಿಕೊಂಡು ಹದಿನಾಲ್ಕು ವರ್ಷ, ಸೀಮೆಸುಣ್ಣ ಎನಿಡ್ ಕೈಗೆ ಬಂದೂ ಅಷ್ಟೇ ವರ್ಷ. ಅವನು ಹೇಳಿಕೊಟ್ಟು ಹೋದ ಪಾಠ ಒಂದೇ. ಸಮುದ್ರದ ಭರತ ಇಳಿತದ ಹೊತ್ತುಗಳನ್ನು ತೋರಿಸುವ ಬಂದರಿನ ಭರತ ಪುಸ್ತಕದಲ್ಲಿ ವರ್ಷವಿಡೀ ಚಳಿಗಾಲದ ಸಮಯವೇ ಅಚ್ಚಾಗಿರುತ್ತದೆ. ಮಾರ್ಚ್ ಕೊನೆಯ ಭಾನುವಾರ ದೇಶಕ್ಕೆ ದೇಶವೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಸಮುದ್ರ ತಿರುಗಿಸುವುದಿಲ್ಲ. ಆದ್ದರಿಂದ ಅವತ್ತಿನಿಂದ ಪುಸ್ತಕದಲ್ಲಿರುವ ಹೊತ್ತಿಗೆ ಒಂದು ಗಂಟೆ ಸೇರಿಸಿ ಬರೆಯಬೇಕು. ಒಂದು ವರ್ಷ ಎನಿಡ್ ಜ್ವರ ಬಂದು ಮಲಗಿದ್ದಾಗ ಊರ ಸಮಿತಿಯ ಅಧ್ಯಕ್ಷ ನಾರ್ಮನ್ ಪೆಲ್ ಹಲಗೆ ಬರೆದು, ಆ ಒಂದು ಗಂಟೆ ಸೇರಿಸುವುದನ್ನು ಮರೆತಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಬೇಸಿಗೆಯಿಡೀ ಎನಿಡ್ ಅಂಗಡಿಯಲ್ಲಿ, ಇಗರ್ಜಿಯ ಬಾಗಿಲಲ್ಲಿ, ಎಲ್ಲಿ ಸಿಕ್ಕರೂ ಅವನ ಮಾನ ಹರಾಜು ಹಾಕಿದ್ದಳು. "ಗಂಟೆ ಎಷ್ಟಾಯ್ತು ನಾರ್ಮನ್? ನಿಜವಾದ್ದು ಹೇಳಪ್ಪಾ, ನಿಂದು ಬೇಡ."

ಪೆಲ್ ಅದನ್ನು ಮರೆಯಲಿಲ್ಲ. ಈಗ ಹಲಗೆ ಕಿತ್ತು ಹಾಕಿ, ತಾನಾಗಿಯೇ ಸಮಯ ತೋರಿಸುವ ವಿದ್ಯುತ್ ಫಲಕ ನೆಡಬೇಕು ಎಂದು ಹಠ ಹಿಡಿದಿದ್ದ. ಮಂಗಳವಾರ ಸಮಿತಿಯಲ್ಲಿ ಅದನ್ನು ಮತಕ್ಕೆ ಹಾಕುವುದಿತ್ತು. "ಮನುಷ್ಯ ಅಂದ್ಮೇಲೆ ಒಂದಲ್ಲ ಒಂದಿನ ತಪ್ತಾನೆ" ಎಂಬುದು ಅವನ ವಾದ. "ನೀನು ತಪ್ತೀಯ, ನಾನಲ್ಲ" ಎಂಬುದು ಎನಿಡ್ ಕೊಟ್ಟ ಉತ್ತರ.

ಈ ವರ್ಷ ಗಡಿಯಾರ ತಿರುಗಿಸುವ ಭಾನುವಾರವೂ ತಾಯಂದಿರ ಭಾನುವಾರವೂ ಒಂದೇ ದಿನ ಬಂದವು. ಲೀಡ್ಸ್‌ನಲ್ಲಿ ನರ್ಸ್ ಆಗಿರುವ ಮಗಳು ಲೋರ್ನಾ ಶನಿವಾರವೇ ಬಂದಿದ್ದಳು. ನಲವತ್ನಾಲ್ಕು ವರ್ಷದ ಮಗಳು, ಎಪ್ಪತ್ತೆರಡರ ತಾಯಿ, ಒಂದೇ ಸೂರಿನಡಿ ಎರಡು ದಿನ. ಮೊದಲನೆಯ ರಾತ್ರಿ ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬುದಕ್ಕೇ ಮಾತಿಗೆ ಮಾತು ಬೆಳೆದಿತ್ತು.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಹೆಣ್ಣುಮಕ್ಕಳಿಗೆಲ್ಲ ಪ್ರಿಮ್‌ರೋಸ್ ಹೂವಿನ ಪುಟ್ಟ ಗೊಂಚಲು ಹಂಚಿದರು. ಹಿಂದೆ ಈ ಊರಿನ ಹೆಣ್ಣುಮಕ್ಕಳು ಆ ಗೊಂಚಲು ಹಿಡಿದು ಮರಳು ದಾಟಿ, ದ್ವೀಪದ ಪಾಳುಬಿದ್ದ ಪ್ರಾರ್ಥನಾಮಂದಿರದ ಕಿಟಕಿಗಟ್ಟೆಯ ಮೇಲೆ ತಾಯಿಯ ಹೆಸರಲ್ಲಿ ಇಟ್ಟು, ಬರುವಾಗ ಒಂದು ಚಿಪ್ಪು ತಂದು ತಾಯಿಯ ಅಂಗೈಯಲ್ಲಿ ಇಡುತ್ತಿದ್ದರು. ಈಗ ಅಷ್ಟು ದೂರ ನಡೆಯುವ ಕಾಲು ಯಾರಿಗಿದೆ? ಇಗರ್ಜಿಯ ಮೆಟ್ಟಿಲ ಮೇಲೆ ಎನಿಡ್ ಬೇಕೆಂದೇ ನಿಟ್ಟುಸಿರು ಬಿಟ್ಟಳು.

"ನಮ್ಮ ಕಾಲದಲ್ಲಿ ಯಾರೂ ಹೋಗು ಅಂತ ಹೇಳ್ಬೇಕಾಗಿರ್ಲಿಲ್ಲ."

"ಹೋಗ್ತೀನಿ ಬಿಡಮ್ಮಾ. ನೀನು ಹೀಗೆ ಸುತ್ತಿಬಳಸಿ ಚುಚ್ಚೋ ಬದ್ಲು ನೇರವಾಗಿ ಕೇಳಬಾರ್ದಾ?" ಎಂದು ಲೋರ್ನಾ ಕೆಂಪು ಕೋಟಿನ ಗುಂಡಿ ಹಾಕಿಕೊಂಡಳು. ಆಮೇಲೆ ಫೋನ್ ತೆಗೆದಳು. "ನೀರು ಎಷ್ಟೊತ್ತಿಗೆ ಬರುತ್ತೆ, ಒಂದ್ಸಲ ನೋಡ್ಬಿಡ್ತೀನಿ."

"ನೋಡು, ನೋಡು. ಹದ್ನಾಲ್ಕು ವರ್ಷ ನಿಮ್ಮಮ್ಮ ಬರ್ದಿದ್ದೆಲ್ಲ ಸುಳ್ಳು, ಆ ಡಬ್ಬಿ ಹೇಳಿದ್ದು ಸತ್ಯ. ನಮ್ಮ ಸಮುದ್ರನ ಅದು ಯಾವತ್ತಾದ್ರೂ ಕಣ್ಣಲ್ಲಿ ಕಂಡಿದ್ಯಾ?"

"ಒಂದು ಮಾತು ಕೇಳೋ ಹಾಗಿಲ್ವಲ್ಲ!"

"ಎರಡೂ ಹತ್ತರವರೆಗೆ ದಾರಿ ಇರುತ್ತೆ ಅಂತ ಬರ್ದಿದೀನಿ. ಒಂದೂ ಕಾಲಿಗೆ ಅಲ್ಲಿಂದ ಹೊರಡು. ಎರಡಕ್ಕೆ ಈ ದಡದಲ್ಲಿರ್ತೀಯ. ಎರಡೂವರೆಗೆ ಊಟ. ತಡ ಮಾಡಿ ಮಾಂಸ ಒಣಗಿಹೋದ್ರೆ ನನ್ನನ್ನ ಅನ್ಬೇಡ."

ಲೋರ್ನಾ ಒಂದು ಗಳಿಗೆ ತಾಯಿಯ ಮುಖ ನೋಡಿ, ಫೋನನ್ನು ಜೇಬಿಗೆ ಹಾಕಿಕೊಂಡು ನಡೆದಳು. ದ್ವೀಪದಲ್ಲಿ ಆ ಫೋನು ಹೇಗೂ ಕೆಲಸ ಮಾಡುವುದಿಲ್ಲ.

ಎನಿಡ್‌ಳ ಅಡುಗೆಮನೆಯ ಕಿಟಕಿಯಿಂದ ಎಲ್ಲವೂ ಕಾಣುತ್ತದೆ. ಮರಳಿನ ಮೇಲೆ ದಾರಿ ತೋರಿಸಲು ಸಾಲಾಗಿ ನೆಟ್ಟ ಗೂಟಗಳು, ನಡುದಾರಿಯಲ್ಲಿ ಎತ್ತರದ ಕಂಬಗಳ ಮೇಲೆ ಸಿಕ್ಕಿಬಿದ್ದವರಿಗಾಗಿ ಕಟ್ಟಿದ ಬಿಳಿ ಮರದ ಗೂಡು, ಆಚೆ ದ್ವೀಪ, ಅದರ ತುದಿಯಲ್ಲಿ ನಾವಿಕರ ಗುರುತಿಗೆಂದು ಸುಣ್ಣ ಬಳಿದ ಗೋಪುರ. ಗೂಡಿಗೂ ಊರಿಗೂ ನಡುವೆ ಮರಳು ತಗ್ಗಾಗಿದೆ. ನೀರು ಮೊದಲು ನುಗ್ಗುವುದು ಆ ತಗ್ಗಿಗೇ. ಕುರಿಮಾಂಸವನ್ನು ಒಲೆಗೆ ಇಟ್ಟು, ಆಲೂಗಡ್ಡೆ ಸುಲಿದು, ಪುದೀನ ಹೆಚ್ಚುತ್ತಾ ಎನಿಡ್ ಸುಮ್ಮನೆ ತಲೆಯೆತ್ತಿದಳು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ ಇತ್ತು. ತಗ್ಗಿನ ಅಂಚಿನ ಗೂಟದ ಬುಡದಲ್ಲಿ ಏನೋ ಮಿನುಗಿತು.

ಅದು ನೀರು. ಆ ಗೂಟಕ್ಕೆ ನೀರು ಮುಟ್ಟಿತೆಂದರೆ ದಾರಿ ಮುಚ್ಚಲು ಇನ್ನು ಇಪ್ಪತ್ತು ನಿಮಿಷ.

ಮೊದಲು ಅವಳು ಗಡಿಯಾರವನ್ನು ಬೈದಳು. ರಾತ್ರಿ ಮುಂದೆ ತಿರುಗಿಸುವಾಗ ಎಡವಟ್ಟಾಗಿರಬೇಕು. ಕೈಗಡಿಯಾರ ನೋಡಿದಳು, ಅದೂ ಅಷ್ಟೇ ಹೇಳಿತು. ರೇಡಿಯೋದವನೂ ಅಷ್ಟೇ ಹೇಳಿದ. ಆಮೇಲೆ ಗಾಳಿಯನ್ನು ಬೈದಳು. ಪೂರ್ವದ ಗಾಳಿ ಜೋರಾದರೆ ನೀರು ಒಮ್ಮೊಮ್ಮೆ ಬೇಗ ಬರುವುದುಂಟು. ಆದರೆ ಐದು ನಿಮಿಷ ಬೇಗ ಬಂದೀತು, ಒಂದು ಗಂಟೆಯಲ್ಲ. ಕೈ ಒರೆಸಿಕೊಂಡು ಮೊಳೆಗೆ ತೂಗುಹಾಕಿದ್ದ ಭರತ ಪುಸ್ತಕ ತೆಗೆದಳು. ಹೊಸ ಪುಸ್ತಕ, ಈ ವರ್ಷ ಬಣ್ಣದ ಹೊದಿಕೆ ಬೇರೆ. ಇಂದಿನ ತಾರೀಖಿನ ಎದುರು ಏಳೂ ಇಪ್ಪತ್ತರಿಂದ ಒಂದೂ ಹತ್ತರವರೆಗೆ ಎಂದಿತ್ತು. ಅದಕ್ಕೆ ಒಂದು ಗಂಟೆ ಸೇರಿಸಿ ಎಂಟೂ ಇಪ್ಪತ್ತರಿಂದ ಎರಡೂ ಹತ್ತು ಎಂದು ಬರೆದಿದ್ದಳು. ಸರಿಯಾಗಿಯೇ ಇದೆಯಲ್ಲ? ಹೊದಿಕೆ ಮಗುಚಿದಳು. ಒಳಗಡೆ ಕೆಂಪಕ್ಷರದಲ್ಲಿ ಅಚ್ಚಾಗಿತ್ತು: ಈ ವರ್ಷದಿಂದ ಬೇಸಿಗೆ ಸಮಯದ ಒಂದು ಗಂಟೆಯನ್ನು ಸೇರಿಸಿಯೇ ಮುದ್ರಿಸಲಾಗಿದೆ, ಬೇರೆ ಸೇರಿಸಬಾರದು.

ಜನವರಿಯ ಸಭೆಯಲ್ಲಿ ಪೆಲ್ ಎದ್ದು ನಿಂತು ಹೊಸ ಪುಸ್ತಕದ ಬಗ್ಗೆ ಏನೋ ಹೇಳಿದ್ದ. ಅವನು ಮಾತಾಡುವಾಗ ಕೇಳಿಸಿಕೊಳ್ಳಬಾರದೆಂದೇ ಅವಳು ಹೆಣಿಗೆಯ ಮನೆ ಎಣಿಸುತ್ತಾ ಕೂತಿದ್ದಳು.

ಪುಸ್ತಕವನ್ನು ಕಿಟಕಿಗಟ್ಟೆಯ ಮೇಲೆ ಹಾಕಿದಳು. ಲೋರ್ನಾ ಒಂದೂ ಕಾಲಿಗೆ ಹೊರಡುತ್ತಾಳೆ. ಆಗ ದಾರಿ ಮುಚ್ಚಿ ಐದು ನಿಮಿಷವಾಗಿರುತ್ತದೆ. ಆ ಕಡೆಯಿಂದ ನೋಡಿದರೆ ತಗ್ಗು ಕಾಣುವುದಿಲ್ಲ, ಗೂಡು ದಾಟಿ ಬರುವವರೆಗೂ ಮರಳು ಒಣಗಿಯೇ ಇರುತ್ತದೆ. ಕಂಡಾಗ ನೀರು ಹಿಂದಿನಿಂದಲೂ ಸುತ್ತಿ ಬಂದಿರುತ್ತದೆ. ನೀರಲ್ಲಿ ಸತ್ತ ಇಬ್ಬರನ್ನು ಎನಿಡ್ ಕಂಡಿದ್ದಳು. ಅವರಲ್ಲೊಬ್ಬ ಈಜುಗಾರನಾಗಿದ್ದ.

ಫೋನ್ ಇದ್ದದ್ದು ಬಾಗಿಲ ಪಕ್ಕದಲ್ಲೇ. ಜೀವರಕ್ಷಕ ದೋಣಿಯವರ ನಂಬರು ಅದರ ಮೇಲೇ ಅಂಟಿಸಿತ್ತು. ಆ ಗಾಬರಿಯಲ್ಲಿ ಫೋನ್ ಮಾಡಬೇಕೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಅವಳು ಅದರ ಮುಂದೆಯೇ ಹಾದು, ರಬ್ಬರ್ ಬೂಟಿಗೆ ಕಾಲು ತುರುಕಿ, ಏಪ್ರನ್ನಿನಲ್ಲೇ ಹಲಗೆಯ ಕಡೆ ಓಡಿದಳು. ಹಲಗೆ ನೋಡಿ ಇನ್ನೊಬ್ಬರು ಯಾರಾದರೂ ಮರಳಿಗೆ ಇಳಿದರೆ ಎಂದು ತನಗೆ ತಾನೇ ಹೇಳಿಕೊಂಡಳು. ಮೂರು ಸಲ ಹೇಳಿಕೊಂಡಳು.

ಹಲಗೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಆದರೂ ಒರೆಸಿದಳು. ಏಪ್ರನ್ನಿನ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಗುರುತೂ ಉಳಿಯದ ಹಾಗೆ ಒರೆಸಿದಳು. ಅವಸರದಲ್ಲಿ ಏಳೂ ಇಪ್ಪತ್ತು ಎಂದು ಬರೆದಳು. ಸೊಟ್ಟಗಾಯಿತು. ಬೆಳಿಗ್ಗೆ ಬರೆದ ಹಾಗೆ ಕಾಣಬೇಕಲ್ಲ ಎಂದು ಅದನ್ನೂ ಒರೆಸಿ ಮತ್ತೆ ಬರೆದಳು. ಒಂದೂ ಹತ್ತು ಎಂದು ಮುಗಿಸಿ ತಿರುಗಿದಾಗ ದೂರದ ಮರಳಿನ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಲೋರ್ನಾ ಆಗಲೇ ಹೊರಟು ಬಹಳ ದೂರ ಬಂದಿದ್ದಳು. ಊಟಕ್ಕೆ ತಡವಾದರೆ ಅಮ್ಮ ಮುಖ ಊದಿಸಿಕೊಳ್ಳುತ್ತಾಳೆಂದು ಬೇಗ ಹೊರಟಿರಬೇಕು.

"ಲೋರ್ನಾ!" ಎಂದು ಕೂಗಿದಳು. ಗಾಳಿ ಅದನ್ನು ಅವಳ ಬಾಯಿಗೇ ತುರುಕಿತು.

ರಸ್ತೆಯ ಆಚೆ ಆಂಕರ್ ಪಬ್ಬಿನ ಬಾಗಿಲು ತೆರೆದು ಒಡತಿ ಮೇವಿಸ್ ಹೊರಗೆ ಬಂದಳು. "ಎನಿಡ್! ಏನೇ ಇದು, ಏಪ್ರನ್ನಲ್ಲೇ ಬಂದಿದೀಯ! ಮನೆಗೇನಾದ್ರೂ ಬೆಂಕಿ ಬಿತ್ತಾ?"

"ದೋಣಿಯವ್ರಿಗೆ ಫೋನ್ ಮಾಡು! ಲೋರ್ನಾ ಮರಳಲ್ಲಿದಾಳೆ!"

ಮೇವಿಸ್ ಒಳಗೆ ಓಡಿದಳು. ಅವಳ ಹಿಂದೆಯೇ ಭಾನುವಾರದ ಊಟಕ್ಕೆ ಕೂತಿದ್ದ ನಾರ್ಮನ್ ಪೆಲ್ ಕೊರಳಿಗೆ ಸಿಕ್ಕಿಸಿಕೊಂಡ ಕರವಸ್ತ್ರ ಸಮೇತ ಬಂದ. ಮರಳನ್ನು ನೋಡಿ ಅವನ ಮುಖ ಬಿಳಚಿಕೊಂಡಿತು.

"ಇಗರ್ಜಿ ಗಂಟೆ ಹೊಡೆಸ್ತೀನಿ. ಅವ್ಳಿಗೆ ಕೇಳಿಸುತ್ತೆ."

"ಬೇಡ!" ಎನಿಡ್ ಅವನ ತೋಳು ಹಿಡಿದು ಜಗ್ಗಿದಳು. "ಬೇಡ ನಾರ್ಮನ್, ದಮ್ಮಯ್ಯ. ಗಂಟೆ ಕೇಳಿದ್ರೆ ಓಡ್ಬರ್ತಾಳೆ."

ಅವನಿಗೂ ಅರ್ಥವಾಯಿತು. ಮಂಜು ಕವಿದ ದಿನ ಮರಳಲ್ಲಿರುವವರಿಗೆ ದಿಕ್ಕು ತಿಳಿಯಲೆಂದು ಈ ಊರಿನಲ್ಲಿ ಗಂಟೆ ಹೊಡೆಯುತ್ತಿದ್ದರು. ಗಂಟೆ ಕೇಳಿದರೆ ನಿಲ್ಲಬಾರದು, ಶಬ್ದ ಬಂದ ಕಡೆಗೇ ಓಡಬೇಕು ಎಂದು ಇಲ್ಲಿನ ಪ್ರತಿ ಮಗುವಿಗೂ ಹೇಳಿಕೊಟ್ಟಿದ್ದರು. ಲೋರ್ನಾಳಿಗೆ ಐದು ವರ್ಷವಾಗಿದ್ದಾಗ ಕೈಹಿಡಿದು ಅದನ್ನು ಕಲಿಸಿದವಳು ಎನಿಡ್. ಈಗ ಗಂಟೆ ಹೊಡೆದರೆ ಮಗಳು ನೇರ ತಗ್ಗಿನ ನೀರಿಗೇ ಓಡಿಬರುತ್ತಾಳೆ. ಹೊಡೆಯದಿದ್ದರೆ ನಡೆದುಬರುತ್ತಾಳೆ. ಅಷ್ಟೇ ವ್ಯತ್ಯಾಸ.

ಕೆಂಪು ಚುಕ್ಕೆ ಗೂಡಿನ ಹತ್ತಿರ ಬಂತು. ಗಾಳಿಗೆ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ನಿಲ್ಲು, ಎಂದಳು ಎನಿಡ್, ಗಟ್ಟಿಯಾಗಿ ಅಲ್ಲ. ಅಲ್ಲೇ ನಿಲ್ಲು ಪುಟ್ಟಾ. ಮೇಲೆ ಹತ್ತು. ಚುಕ್ಕೆ ಗೂಡನ್ನು ದಾಟಿತು.

"ಕಾರಿನ ದೀಪ!" ಎಂದ ಪೆಲ್. ಓಡಿಹೋಗಿ ಪಬ್ಬಿನ ಅಂಗಳದಿಂದ ಕಾರು ತಂದು, ಮರಳಿನ ಅಂಚಿಗೆ ಮೂತಿ ಮಾಡಿ ನಿಲ್ಲಿಸಿ, ದೀಪ ಹಾಕಿ ಆರಿಸಿ ಹಾಕಿ ಆರಿಸಿ ಮಾಡತೊಡಗಿದ. ಎನಿಡ್ ಎರಡೂ ಕೈ ಮುಂದೆ ಚಾಚಿ ಹಿಂದಕ್ಕೆ, ಹಿಂದಕ್ಕೆ ಎಂದು ಗಾಳಿಯನ್ನೇ ತಳ್ಳಿದಳು. ಕೆಂಪು ಚುಕ್ಕೆ ಇನ್ನೂ ಐವತ್ತು ಹೆಜ್ಜೆ ಬಂತು. ಆಮೇಲೆ ನಿಂತಿತು.

ಲೋರ್ನಾ ತಲೆಯೆತ್ತಿ ನೋಡಿದಳು. ಮುಂದೆ ನೀರು ಕಂಡಿತು. ತಿರುಗಿದಳು. ಅಷ್ಟರಲ್ಲಿ ಅವಳ ಮತ್ತು ಗೂಡಿನ ನಡುವೆಯೂ ನೀರು ಹಬ್ಬಿತ್ತು. ಮೊದಲು ಪಾದ ಮುಳುಗಿತು, ನಂತರ ಮೊಣಕಾಲು. ಕೋಟಿನ ಅಂಚು ನೀರಿನ ಮೇಲೆ ಹರಡಿಕೊಂಡಿತು. ಒಮ್ಮೆ ಪೂರ್ತಿ ಕಣ್ಮರೆಯಾದಳು. ಎನಿಡ್ ಬಾಯಿಗೆ ಏಪ್ರನ್ ಒತ್ತಿಕೊಂಡಳು. ಅದರ ತುಂಬ ಸೀಮೆಸುಣ್ಣದ ರುಚಿ. ಮತ್ತೆ ಕೆಂಪು ಕಂಡಿತು, ಸೊಂಟದವರೆಗೆ ನೀರು. ಆಮೇಲೆ ಏಣಿಯ ಮೇಲೆ, ಒಂದೊಂದೇ ಮೆಟ್ಟಿಲು. ಆಮೇಲೆ ಗೂಡಿನ ಬಾಗಿಲು ತೆರೆದು ಮುಚ್ಚಿತು.

ಎನಿಡ್ ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕೂತಳು. ದೋಣಿ ಹೊರಟಿದೆ, ಅರ್ಧ ಗಂಟೆ ಆಗಬಹುದು ಎಂದು ಮೇವಿಸ್ ಬಂದು ಹೇಳಿ, ಬಿಸಿ ಟೀ ಲೋಟ ಕೈಗಿಟ್ಟಳು. ಕುಡಿಯಲು ಆಗಲಿಲ್ಲ. ಒರೆಸಲು, ಬರೆಯಲು, ಮತ್ತೆ ಒರೆಸಿ ಬರೆಯಲು ನಾಲ್ಕು ನಿಮಿಷವಾದರೂ ಹಿಡಿದಿರಬೇಕು. ನಾಲ್ಕು ನಿಮಿಷ ಮುಂಚೆ ಆ ದೀಪ ಹೊತ್ತಿದ್ದರೆ ಲೋರ್ನಾ ಗೂಡಿನ ಆಚೆಯೇ ಇರುತ್ತಿದ್ದಳು. ಎಷ್ಟು ಸಲ ಕೂಡಿ ಕಳೆದರೂ ಅದೇ ನಾಲ್ಕು ನಿಮಿಷ ಉಳಿಯುತ್ತಿತ್ತು.

ಪೆಲ್ ಕಾರಿನಿಂದ ಇಳಿದು ಹಲಗೆಯ ಮುಂದೆ ನಿಂತಿದ್ದ. ಇಗರ್ಜಿಯಿಂದ ಹಿತ್ತಲ ದಾರಿಯಲ್ಲಿ ಪಬ್ಬಿಗೆ ಬಂದಿದ್ದ ಅವನು ಇವತ್ತು ಅದನ್ನು ನೋಡುತ್ತಿರುವುದು ಇದೇ ಮೊದಲು. ಓದಿದ. ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟ.

"ಒಂದೂ ಹತ್ತು ಅಂತ ಇಷ್ಟು ಸ್ಪಷ್ಟವಾಗಿ ಬರ್ದಿದೀರಿ. ಹೊಸ ಪುಸ್ತಕದಲ್ಲಿ ನೀವು ಎಲ್ಲಿ ಎಡವ್ತೀರೋ ಅಂತ ನಂಗೆ ಒಳಗೊಳಗೇ ಇತ್ತು ನೋಡಿ. ನಿಜ ಹೇಳ್ಬೇಕು ಅಂದ್ರೆ, ಎಡವ್ಲಿ ಅಂತಾನೂ ಇತ್ತು. ನನ್ನ ಮುಖಕ್ಕೆ ಹೊಡೆದ ಹಾಗಾಯ್ತು. ಹಲಗೆ ತಪ್ಪಿರ್ಲಿಲ್ಲ, ಓದಿದವ್ರು ತಪ್ಪಿದ್ರು ಅಂತ ಮಂಗಳವಾರ ನಾನೇ ಎದ್ದು ನಿಂತು ಹೇಳ್ತೀನಿ."

ಎನಿಡ್ ಟೀ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಹದಿನಾಲ್ಕು ವರ್ಷ ಅವನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ಅದು.

ದೋಣಿ ಎರಡಕ್ಕೆ ಹತ್ತು ನಿಮಿಷವಿರುವಾಗ ಬಂತು. ರಾಬ್ಸನ್ ಎಂಬ ಗಡ್ಡದ ಮುಖ್ಯಸ್ಥ ಲೋರ್ನಾಳನ್ನು ಕಂಬಳಿಯಲ್ಲಿ ಸುತ್ತಿ, ತೋಳು ಹಿಡಿದು ದಡಕ್ಕೆ ತಂದ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಒಂದು ಕಾಲಿಗೆ ಬೂಟೇ ಇರಲಿಲ್ಲ. ಜೀವಕ್ಕೆ ಅಪಾಯವಿಲ್ಲ ಎಂದು ಖಚಿತವಾದ ಮೇಲೆ ರಾಬ್ಸನ್‌ಗೆ ಸಿಟ್ಟು ನೆತ್ತಿಗೇರಿತು.

"ಓದು ಬರುತ್ತೇನ್ರೀ ನಿಮ್ಗೆ? ನಂದೊಂದು ಪ್ರಶ್ನೆ, ಓದು ಬರುತ್ತಾ? ಇಷ್ಟುದ್ದ ಹಲಗೆ ಇದೆ. ಒಂದೂ ಹತ್ತು ಅಂತ ಇದೆ. ಊರಲ್ಲೇ ಹುಟ್ಟಿದವ್ರು ನೀವು! ಭಾನುವಾರದ ಊಟ ಬಿಟ್ಟು ಐದು ಜನ ನಿಮ್ಮ ಜೀವಕ್ಕೆ ತಮ್ಮ ಜೀವ ಒತ್ತೆ ಇಟ್ಟು ಬಂದಿದಾರೆ."

ಲೋರ್ನಾ ಹಲಗೆಯ ಕಡೆ ತಿರುಗಿದಳು. ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ತಾಯಿಯ ಏಪ್ರನ್ ನೋಡಿದಳು. ಅದರ ಮೇಲೆ ಬಿಳಿ ಪುಡಿ ಮೆತ್ತಿಕೊಂಡಿತ್ತು.

"ನಂದೇ ತಪ್ಪು" ಎಂದಳು, ರಾಬ್ಸನ್ ಕಡೆ ತಿರುಗಿ. "ಸರಿಯಾಗಿ ನೋಡ್ಲಿಲ್ಲ. ಕ್ಷಮಿಸಿ."

ಅಷ್ಟು ಹೊತ್ತು ಎನಿಡ್‌ಳಿಗೆ ಭಯವಿತ್ತು. ಈಗ ನಾಚಿಕೆಯಾಯಿತು, ಮೈ ಸುಡುವಷ್ಟು. ನೀರಿಂದ ಎದ್ದು ಬಂದ ಮಗಳು ತನ್ನ ಮಾನ ಕಾಯುತ್ತಿದ್ದಾಳೆ.

ಎದ್ದು ಹಲಗೆಯ ಹತ್ತಿರ ಹೋದಳು. ಕೆಳಗಿನ ಪಟ್ಟಿಯ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು, ಒಂದೂ ಹತ್ತರ ಮೇಲಿದ್ದ ಖಾಲಿ ಜಾಗದಲ್ಲಿ ಎರಡೂ ಹತ್ತು ಎಂದು ಬರೆದಳು. ದೊಡ್ಡದಾಗಿ, ಸೊಟ್ಟಗೆ.

"ಬೆಳಿಗ್ಗೆ ಇದಿತ್ತು" ಎಂದಳು. "ಪುಸ್ತಕದವ್ರು ಸೇರಿಸಿದ್ದ ಗಂಟೆನ ನಾನು ಇನ್ನೊಂದ್ಸಲ ಸೇರಿಸ್ದೆ. ಅವ್ಳು ಸರಿಯಾಗೇ ಓದಿದ್ಲು. ಫೋನಲ್ಲಿ ನೋಡ್ತೀನಿ ಅಂದವ್ಳನ್ನ ನಾನೇ ಆಡಿಕೊಂಡು ಕಳಿಸ್ದೆ."

ಪೆಲ್ ಕೊರಳಿನ ಕರವಸ್ತ್ರವನ್ನು ಈಗಷ್ಟೇ ಕಂಡವನಂತೆ ಕಿತ್ತು ಜೇಬಿಗೆ ಹಾಕಿಕೊಂಡ.

"ಇನ್ನೂ ಇದೆ. ಗೊತ್ತಾದ ತಕ್ಷಣ ಫೋನ್ ಮಾಡ್ಲಿಲ್ಲ. ಮೊದ್ಲು ಇಲ್ಲಿಗೆ ಬಂದು ಇದನ್ನ ಒರೆಸ್ದೆ."

"ಎಷ್ಟೊತ್ತು ಹಿಡೀತು ಒರೆಸೋಕೆ?" ಎಂದು ಕೇಳಿದವಳು ಲೋರ್ನಾ. ದನಿ ಮೆತ್ತಗಿತ್ತು, ಆಸ್ಪತ್ರೆಯಲ್ಲಿ ರೋಗಿಗಳನ್ನು ಎಲ್ಲಿ ನೋವು ಎಂದು ಕೇಳುವಂತೆ.

"ನಾಲ್ಕು ನಿಮಿಷ."

ಲೋರ್ನಾ ತಲೆಯಾಡಿಸಿದಳು. ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡು, ಒಂದು ಬೂಟಿನಲ್ಲಿ ಮನೆಯ ಕಡೆ ನಡೆಯತೊಡಗಿದಳು. ಎನಿಡ್ ಸೀಮೆಸುಣ್ಣವನ್ನು ಪೆಲ್ ಕೈಗೆ ಇಟ್ಟಳು.

"ನಾಳೆ ಏಳಕ್ಕೆ ಬರೀಬೇಕು. ಏನೂ ಸೇರಿಸ್ಬೇಡಿ."

ಮನೆ ಮುಟ್ಟುವ ಮೊದಲೇ ಸೀದ ಮಾಂಸದ ವಾಸನೆ ಬಂತು. ಅಡುಗೆಮನೆ ತುಂಬ ಹೊಗೆ. ಎನಿಡ್ ಒಲೆ ಆರಿಸಿ, ಕರಕಲಾದ ತಟ್ಟೆಯನ್ನು ಹಿತ್ತಿಲಿಗೆ ಇಟ್ಟು ಬಂದಳು. ಲೋರ್ನಾ ಕಿಟಕಿ ಪೂರ್ತಿ ತೆರೆದು ಅದರ ಮುಂದೆ ನಿಂತಿದ್ದಳು. ಹೊರಗೆ ಗೂಟಗಳ ಸಾಲು ಮುಳುಗಿ, ಗೂಡೊಂದೇ ನೀರಿನ ಮೇಲೆ ನಿಂತಿತ್ತು. ಎನಿಡ್ ಮೇಜಿನ ಈಚೆಯೇ ನಿಂತಳು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಲೋರ್ನಾ ಒದ್ದೆ ಕೋಟಿನ ಜೇಬಿಗೆ ಕೈಹಾಕಿ ಒಂದು ಚಿಪ್ಪು ತೆಗೆದಳು. ಸಣ್ಣದು, ಹಳದಿ, ಅಂಚಿನಲ್ಲಿ ಸ್ವಲ್ಪ ಮುರಿದಿತ್ತು. ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಎನಿಡ್‌ಳ ಅಂಗೈ ತಾನಾಗಿಯೇ ಬಿಚ್ಚಿಕೊಂಡಿತು.

ಲೋರ್ನಾ ಅದನ್ನು ಕಿಟಕಿಗಟ್ಟೆಯ ಮೇಲೆ, ಭರತ ಪುಸ್ತಕದ ಪಕ್ಕದಲ್ಲಿಟ್ಟು, ಬಟ್ಟೆ ಬದಲಿಸಲು ಮಹಡಿಗೆ ಹೋದಳು.